ಕಡಲು ಕಾಣದ ಶಾರಿ

ನಿದ್ದೆ ಬರದೆ ಸುಮ್ನೆ ಮ್ಯಾಪ್ ನೋಡುತ್ತಾ ಶಾರಿ ನದಿಯ ಬೆನ್ನು ಹತ್ತಿದೆ. ಹುಟ್ಟುವುದು ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ. ಉದ್ದ ಸುಮಾರು 1,400 ಕಿ.ಮೀ. ಚಾಡ್ ದೇಶದ ರಾಜಧಾನಿ ಎನ್‌ಜಮೀನಾದಲ್ಲಿ ಲೋಗೋನ್ ನದಿ ಬಂದು ಸೇರುತ್ತದೆ. ಮುಂದೆ ಸಮುದ್ರವಿಲ್ಲ, ಚಾಡ್ ಸರೋವರ. ಅಲ್ಲಿಗೇ ಮುಗೀತು! ಸರೋವರಕ್ಕೆ ಹರಿದು ಬರುವ ನೀರಲ್ಲಿ ಸುಮಾರು ಶೇ. 90 ಇವೆರಡರದ್ದೇ.

ಮಳೆ ಜೋರಾಗುವುದು ಆಗಸ್ಟ್‌ನಲ್ಲಿ. ಆದರೆ ನೆಲ ಎಷ್ಟು ಚಪ್ಪಟೆ ಅಂದ್ರೆ, ನೀರು ಬಯಲಲ್ಲೆಲ್ಲಾ ಹರಡಿ, ತೆವಳಿಕೊಂಡು ಬಂದು, ಎನ್‌ಜಮೀನಾದಲ್ಲಿ ಹೊಳೆ ತುಂಬುವ ಹೊತ್ತಿಗೆ ಅಕ್ಟೋಬರ್ ಕೊನೆ, ಇಲ್ಲಾ ನವೆಂಬರ್. ಅಷ್ಟರಲ್ಲಿ ಅಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಬಿಸಿಲಲ್ಲಿ ನಿಂತು ನೆರೆ ನೋಡುವುದು!

ಹೊರದಾರಿ ಇಲ್ಲದ ಸರೋವರ ಉಪ್ಪಾಗಬೇಕಿತ್ತು ಅಲ್ವಾ? ಹೆಚ್ಚಿನ ಭಾಗ ಸಿಹಿಯೇ. ನೆಲಕ್ಕೆ ಇಂಗುವ ನೀರು ಉಪ್ಪನ್ನೂ ಜೊತೆಗೆ ಒಯ್ಯುತ್ತದೆ.

ಗಂಟೆ ಎರಡಾಯ್ತು. ಫೋನ್ ಚಾರ್ಜ್ ಶೇ. 4.