ಇಳಿಯುವಾಗಲೇ ಏಕೆ ಬಿದ್ದಿತು ಎಂದು ಕೇಳುವವರಿಗೆ

ವಾಯುಪಡೆಯ ತರಬೇತಿ ವಿಮಾನವೊಂದು ಇಳಿಯುವಾಗ ಅಪಘಾತಕ್ಕೀಡಾಯಿತು ಎಂಬ ಸುದ್ದಿ ಬಂದರೆ ಸಾಕು, ನಾನು ಹಾರಾಟ ಕಲಿಸುತ್ತಿದ್ದವನೆಂದು ಬಲ್ಲವರೆಲ್ಲ ಕೇಳುವುದು ಒಂದೇ: "ಕಲಿಯುವ ಹುಡುಗನ ಕೈತಪ್ಪು ತಾನೇ?" ಮದುವೆಯೊಂದರ ಪಂಕ್ತಿಯಲ್ಲಿ ಹಿರಿಯರೊಬ್ಬರು ಅಂಥ ದೃಶ್ಯವನ್ನು ಫೋನಿನಲ್ಲಿ ಮತ್ತೆ ಮತ್ತೆ ತೋರಿಸುತ್ತ, "ನೆಲ ಇಷ್ಟು ಹತ್ತಿರ ಬಂದಿತ್ತಲ್ಲ, ಇನ್ನೇನು ಕಷ್ಟ?" ಎಂದರು. ನೆಲ ಹತ್ತಿರ ಬಂದದ್ದೇ ಕಷ್ಟ, ಸ್ವಾಮಿ.

ಇಳಿಯಲು ಬರುವ ವಿಮಾನ ಎತ್ತರವನ್ನೂ ವೇಗವನ್ನೂ ಬೇಕೆಂದೇ ಕಳೆದುಕೊಳ್ಳುತ್ತಿರುತ್ತದೆ. ಕೊನೆಯ ತಿರುವಿನಲ್ಲಿ ಗಾಳಿ ತಳ್ಳಿ, ರನ್‌ವೇಯ ನೇರವನ್ನು ದಾಟಿಹೋಗುತ್ತಿದ್ದೇನೆ ಎನ್ನಿಸಿದರೆ, ಹೊಸಬ ರೆಕ್ಕೆಯನ್ನು ಇನ್ನಷ್ಟು ವಾಲಿಸಿ ಸ್ಟಿಕ್, ಅಂದರೆ ವಿಮಾನವನ್ನು ನಿಯಂತ್ರಿಸುವ ಕೋಲನ್ನು, ಎಳೆಯುತ್ತಾನೆ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡು ಪಟ್ಟಾಗುತ್ತದೆ. ರೆಕ್ಕೆ ಸೋಲುವ ವೇಗ, ಅಂದರೆ ಸ್ಟಾಲ್ ವೇಗ, ಸುಮಾರು 41 ಪ್ರತಿಶತ ಏರುತ್ತದೆ. ಸಾಮಾನ್ಯವಾಗಿ ಸ್ಟಾಲ್ ವೇಗದ 1.3 ಪಟ್ಟು ವೇಗದಲ್ಲಿ ಇಳಿಯಲು ಬರುವ ವಿಮಾನಕ್ಕೆ ಅದು ತಡೆಯದು. ಸಾವಿರಾರು ಅಡಿ ಮೇಲೆ ಇದೇ ಸ್ಟಾಲನ್ನು ನಾವೇ ಅಭ್ಯಾಸ ಮಾಡಿಸುತ್ತೇವೆ. ಮುನ್ನೂರು ಅಡಿಯಲ್ಲಿ ಚೇತರಿಸಿಕೊಳ್ಳಲು ಜಾಗವಿಲ್ಲ, ಜೆಟ್ ಎಂಜಿನ್ ಪೂರ್ಣ ಶಕ್ತಿಗೆ ಏರಲು ಬೇಕಾದ ಸೆಕೆಂಡುಗಳೂ ಇರುವುದಿಲ್ಲ.

"ಪ್ಯಾರಾಚೂಟ್ ಇರಲಿಲ್ಲವೇ?" ಎಂಬುದು ಮುಂದಿನ ಪ್ರಶ್ನೆ. ವಾಯುಪಡೆಯ ಜೆಟ್ ತರಬೇತಿ ವಿಮಾನವಾದ ಹಾಕ್‌ನ ಸೀಟು ನೆಲದ ಮೇಲೆ ನಿಂತಲ್ಲಿಂದಲೇ ಪೈಲಟ್‌ನನ್ನು ಚಿಮ್ಮಿಸಿ ಉಳಿಸಬಲ್ಲದು, ಆದರೆ ವಿಮಾನ ವಾಲಿಕೊಂಡು ಕುಸಿಯುತ್ತಿದ್ದರೆ ಆ ಭರವಸೆಯಿಲ್ಲ. ಹೊಸಬರು ಮೊದಲ ಪಾಠ ಕಲಿಯುತ್ತಿದ್ದ, 2009ರಲ್ಲಿ ಹಾರಾಟ ನಿಂತ ಎಚ್‌ಪಿಟಿ-32 ದೀಪಕ್‌ನಲ್ಲಂತೂ ಅಂಥ ಸೀಟೇ ಇರಲಿಲ್ಲ. ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೆಂದು ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲಿ ಹೇಳಿತ್ತು. ಹಾಕ್ ಖರೀದಿಗೆ ಸಹಿ ಬಿದ್ದದ್ದು 2004ರಲ್ಲಿ, ಅದು ಬೀದರಿನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಈ ನಡುವೆ ಎಷ್ಟೋ ಹುಡುಗರು ಸೌಮ್ಯ ಸ್ವಭಾವದ ವಿಮಾನಗಳಿಂದಿಳಿದು, ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ಇಳಿಯುವ ಮಿಗ್-21 ಯುದ್ಧವಿಮಾನ ಹತ್ತಿದರು. ಕೈತಪ್ಪಿನ ಲೆಕ್ಕ ಹಾಕುವವರು ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಲಿ.

ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ಹಿಂದಿನ ಸೀಟಿನ ಇನ್‌ಸ್ಟ್ರಕ್ಟರ್ ಯಾವಾಗ ಕೈ ಹಾಕಬೇಕು? ಬೇಗ ಹಾಕಿದರೆ ಹುಡುಗ ತಾನು ಮಾಡದ ಲ್ಯಾಂಡಿಂಗನ್ನು ಕಲಿತೆನೆಂದುಕೊಂಡು ಒಂಟಿ ಹಾರಾಟಕ್ಕೆ ಹೋಗುತ್ತಾನೆ. ತಡವಾದರೆ ಇಬ್ಬರೂ ಉಳಿಯುವುದಿಲ್ಲ. ಆದ್ದರಿಂದ ಬೆರಳುಗಳು ಸ್ಟಿಕ್‌ಗೆ ತಾಗದೆ, ಅದರ ಸುತ್ತಲೇ ಇರಬೇಕು. ಸಣ್ಣ ಓಲಾಟವನ್ನು ಅವನೇ ಸರಿಪಡಿಸಲಿ. ಆದರೆ ನೆಲ ತಾಗಿ ಪುಟಿದ ವಿಮಾನದ ಮೂತಿಯನ್ನು ಅವನು ಗಾಬರಿಯಿಂದ ಕೆಳಗೊತ್ತಿದರೆ ಕಾಯುವಂತಿಲ್ಲ: "ಐ ಹ್ಯಾವ್ ಕಂಟ್ರೋಲ್" ಎಂದು ಹೇಳಿ, ಎಂಜಿನ್ ಶಕ್ತಿ ಏರಿಸುವ ಥ್ರಾಟಲ್ ಪೂರ್ತಿ ಮುಂದೊತ್ತಿ, ಇನ್ನೊಂದು ಸುತ್ತಿಗೆ ಏರಲೇಬೇಕು. ಆ ಸುತ್ತಿನಲ್ಲಿ ಬೈಯದೆ, ಏನಾಯಿತೆಂದು ವಿವರಿಸಿ, ಮುಂದಿನ ಲ್ಯಾಂಡಿಂಗನ್ನು ಅವನ ಕೈಗೇ ಕೊಡಬೇಕು.