ಟ್ರಾನ್ಸ್‌ಫರ್ ಮಾಡಿದ ಕರೆ ಎಲ್ಲಿ ಹೋಯಿತು?

ಲೈನ್ ಚೆನ್ನಾಗಿದ್ದೂ ಕರೆ ಕಟ್ಟಾಗುತ್ತಿದ್ದರೆ ಎಕ್ಸ್‌ಚೇಂಜನ್ನು (ಆಫೀಸಿನ ಫೋನ್‌ಗಳನ್ನೆಲ್ಲ ಜೋಡಿಸುವ ವ್ಯವಸ್ಥೆ) ಬೈಯುವ ಮೊದಲು ಟ್ರಾನ್ಸ್‌ಫರ್ ಹೇಗೆ ಮಾಡುತ್ತಿದ್ದೀರಿ ಅಂತ ನೋಡಿ.

ಟ್ರಾನ್ಸ್‌ಫರ್‌ನಲ್ಲಿ ಎರಡು ಬಗೆ. ಟ್ರಾನ್ಸ್‌ಫರ್ ಒತ್ತಿ, ಎಕ್ಸ್‌ಟೆನ್ಷನ್ (ಒಳಗಿನ ಫೋನಿನ) ನಂಬರ್ ಒತ್ತಿ, ಉತ್ತರಕ್ಕೆ ಕಾಯದೆ ರಿಸೀವರ್ ಇಟ್ಟುಬಿಡುವುದು ಬ್ಲೈಂಡ್. ಆ ಕಡೆ ಯಾರೂ ಎತ್ತದಿದ್ದರೆ ಕರೆ ನಿಮಗೇ ವಾಪಸ್ ಬರುತ್ತದೋ, ವಾಯ್ಸ್‌ಮೇಲ್‌ಗೆ ಹೋಗುತ್ತದೋ, ಕಟ್ಟೇ ಆಗುತ್ತದೋ ಎನ್ನುವುದು ಸೆಟ್ಟಿಂಗ್‌ಗೆ ಬಿಟ್ಟ ವಿಚಾರ. ಇನ್ನೊಂದು, ಕೇಳಿ ಕೊಡುವುದು: ಒಳಗಿನವರು ಎತ್ತಿದ ಮೇಲೆ ಯಾರ ಕರೆ, ಏನು ವಿಷಯ ಅಂತ ಹೇಳಿ, ಅವರು ಹೂಂ ಅಂದ ಮೇಲೆ ಮತ್ತೊಮ್ಮೆ ಟ್ರಾನ್ಸ್‌ಫರ್ ಒತ್ತುವುದು. ಐಪಿ ಫೋನ್‌ಗಳಲ್ಲಿ (ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಫೋನ್) ಜನ ಮರೆಯುವುದು ಈ ಎರಡನೇ ಒತ್ತನ್ನೇ. ಒತ್ತದೆ ರಿಸೀವರ್ ಇಟ್ಟರೆ ಕೆಲವು ಮಾಡೆಲ್‌ಗಳು ಕರೆ ದಾಟಿಸುತ್ತವೆ. ಉಳಿದವುಗಳಲ್ಲಿ ಒಳಗಿನವರ ಲೈನ್ ಕಡಿದು, ಹೊರಗಿನವರು ಹೋಲ್ಡ್ ಸಂಗೀತ ಕೇಳುತ್ತಾ ಕೂತಿರುತ್ತಾರೆ.

ಅನಲಾಗ್ ಸೆಟ್‌ನಲ್ಲಿ, ಅಂದರೆ ಹಳೇ ಬಗೆಯ ತಂತಿ ಫೋನಿನಲ್ಲಿ, ಈ ಕೆಲಸ ಫ್ಲ್ಯಾಶ್ ಗುಂಡಿಯದು. ಅದು ಲೈನನ್ನು ಅಳತೆಯ ಹೊತ್ತು ಕಡಿದು ಮತ್ತೆ ಜೋಡಿಸುತ್ತದೆ, ಅಷ್ಟೇ. ಗುಂಡಿ ಬಿಟ್ಟು ರಿಸೀವರ್ ಕೂರುವ ಹುಕ್ಕನ್ನೇ ಕೈಯಲ್ಲಿ ತಟ್ಟುವ ಅಭ್ಯಾಸ ಕೆಲವರಿಗಿದೆ. ತೀರಾ ಚುಟುಕಾಗಿ ತಟ್ಟಿದರೆ ಎಕ್ಸ್‌ಚೇಂಜ್ ಅದನ್ನು ಪಲ್ಸ್ ಡಯಲಿಂಗ್‌ನ (ಲೈನ್ ಕಡಿಕಡಿದು ಅಂಕಿ ಕಳಿಸುವ ಹಳೇ ಕ್ರಮ) 1 ಎಂದುಕೊಳ್ಳಬಹುದು. ತಡವಾಗಿ ಬಿಟ್ಟರೆ ರಿಸೀವರ್ ಇಟ್ಟಿರಿ ಎಂದುಕೊಂಡು ಕರೆ ಮುಗಿಸುತ್ತದೆ. ಗುಂಡಿ ಒತ್ತಿದರೂ ಕಟ್ಟಾಗುತ್ತಿದ್ದರೆ ಸೆಟ್ ಮಗುಚಿ ನೋಡಿ. ಕೆಲವದರ ತಳದಲ್ಲಿ 100, 300, 600 ಮಿಲಿಸೆಕೆಂಡ್ ಅಂತ ಪುಟ್ಟ ಸ್ವಿಚ್ ಇರುತ್ತದೆ. ಎಕ್ಸ್‌ಚೇಂಜ್ ಕೇಳುವ ಅಳತೆಗೆ ಅದು ಕೂಡಬೇಕು.

ಬೇಕಾದವರು ತಮ್ಮ ಜಾಗದಲ್ಲಿಲ್ಲ, ಕಟ್ಟಡದಲ್ಲೆಲ್ಲೋ ಇದ್ದಾರೆ ಎಂದಾದರೆ ಹೋಲ್ಡ್ ಸಾಲದು, ಪಾರ್ಕ್ ಬೇಕು. ಹೋಲ್ಡ್ ಮಾಡಿದ ಕರೆ ನಿಮ್ಮ ಫೋನಿಗೇ ಅಂಟಿಕೊಂಡಿರುತ್ತದೆ; ಪಾರ್ಕ್ ಮಾಡಿದ್ದನ್ನು ಯಾವ ಫೋನಿಂದಲಾದರೂ ಎತ್ತಬಹುದು. ಆಸ್ಟರಿಸ್ಕ್ ಎಂಬ ಎಕ್ಸ್‌ಚೇಂಜ್ ಸಾಫ್ಟ್‌ವೇರ್‌ನ ಮೂಲ ಸೆಟ್ಟಿಂಗ್‌ನಲ್ಲಿ ಕರೆಯನ್ನು 700ಕ್ಕೆ ಟ್ರಾನ್ಸ್‌ಫರ್ ಮಾಡಿದರೆ "701" ಎಂಬಂತೆ ಜಾಗದ ನಂಬರ್ ಕೇಳಿಸುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಟ್ರಾನ್ಸ್‌ಫರ್ ಮುಗಿಸಿ. ಬ್ಲೈಂಡ್ ಮಾಡಿ ಇಟ್ಟುಬಿಟ್ಟರೆ ಆ ನಂಬರ್ ಕೇಳಿಸಿಕೊಳ್ಳುವವರು ಯಾರು? 45 ಸೆಕೆಂಡಿನಲ್ಲಿ ಯಾರೂ ಎತ್ತದಿದ್ದರೆ ಕರೆ ಪಾರ್ಕ್ ಮಾಡಿದವರಿಗೇ ಮರಳುತ್ತದೆ. ದೊಡ್ಡ ಕಟ್ಟಡಕ್ಕೆ ಈ ಅವಧಿ ಕಡಿಮೆಯೇ, ಹೆಚ್ಚಿಸಿಕೊಳ್ಳಿ.

ಪಕ್ಕದ ಮೇಜಿನ ಫೋನ್ ಬಡಿದುಕೊಳ್ಳುತ್ತಿದ್ದರೆ ಎದ್ದು ಹೋಗಬೇಕಿಲ್ಲ, ಆಸ್ಟರಿಸ್ಕ್‌ನಲ್ಲಿ *8 ಒತ್ತಿದರೆ ಆ ಕರೆ ನಿಮ್ಮ ಫೋನಿಗೇ ಬರುತ್ತದೆ. ಇಬ್ಬರೂ ಒಂದೇ ಪಿಕಪ್ ಗ್ರೂಪ್‌ನಲ್ಲಿ (ಒಬ್ಬರ ಕರೆ ಇನ್ನೊಬ್ಬರು ಎತ್ತಬಹುದಾದ ಗುಂಪು) ಇರಬೇಕು, ಅಷ್ಟೇ.

ಸದ್ದಿಲ್ಲದೆ ಹಾನಿ ಮಾಡುವುದು ಫಾರ್ವರ್ಡ್, ಅಂದರೆ ನಿಮಗೆ ಬರುವ ಕರೆ ತಾನಾಗಿ ಬೇರೆ ನಂಬರಿಗೆ ಹೋಗುವಂತೆ ಮಾಡಿಡುವುದು. ಫ್ರೀಪಿಬಿಎಕ್ಸ್‌ನಲ್ಲಿ (ಆಸ್ಟರಿಸ್ಕ್ ಮೇಲೆ ನಡೆಯುವ ಸಾಫ್ಟ್‌ವೇರ್) *72 ಹಾಕುತ್ತದೆ, *73 ತೆಗೆಯುತ್ತದೆ. ಎಲ್ಲ ಕರೆಯನ್ನೂ ಕಳಿಸುವ ಈ ಬಗೆಗಿಂತ, ಎತ್ತದಿದ್ದಾಗ ಮಾತ್ರ ಕಳಿಸುವುದೇ ಕ್ಷೇಮ; ತೆಗೆಯಲು ಮರೆತರೂ ಮೇಜಿನ ಫೋನ್ ರಿಂಗಾಗುತ್ತದೆ. ಮೊಬೈಲಿಗೆ ಫಾರ್ವರ್ಡ್ ಮಾಡಿದಾಗ ಇನ್ನೆರಡು ತೊಡಕು. ಮೊಬೈಲಿನ ವಾಯ್ಸ್‌ಮೇಲ್ ಎತ್ತಿದರೂ ಎಕ್ಸ್‌ಚೇಂಜ್ ಲೆಕ್ಕದಲ್ಲಿ ಅದು ಉತ್ತರವೇ, ಹಾಗಾಗಿ ಕರೆ ಮುಂದಿನವರಿಗೆ ಹೋಗುವುದಿಲ್ಲ. ಜೊತೆಗೆ, ಹೊರಗಿಂದ ಬಂದು ಹೊರಗೇ ಹೋಗುವ ಕರೆ ಎರಡು ಲೈನ್ ಹಿಡಿಯುತ್ತದೆ. ನಾಲ್ಕೇ ಲೈನ್ ಇರುವ ಆಫೀಸಿನಲ್ಲಿ ಇಂಥ ಎರಡು ಕರೆ ಬಂದರೆ ಮೂರನೆಯವರಿಗೆ ಎಂಗೇಜ್. ಅನಲಾಗ್ ಲೈನಿನಲ್ಲಿ ಕರೆ ಮುಗಿದ ಸೂಚನೆ ಬರದೇ ಹೋದರಂತೂ ಇಬ್ಬರೂ ಫೋನ್ ಇಟ್ಟ ಮೇಲೂ ಆ ಎರಡು ಲೈನ್ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಇದಕ್ಕೆ ಟ್ರಂಕ್‌ನಿಂದ ಟ್ರಂಕ್‌ಗೆ (ಹೊರಗಿನ ಒಂದು ಲೈನಿನಿಂದ ಇನ್ನೊಂದಕ್ಕೆ) ಹೋಗುವ ಕರೆಗೆ ಸಮಯದ ಮಿತಿ ಹಾಕಿಸಬೇಕು.

ಮೂವರ ಕಾನ್ಫರೆನ್ಸ್ ಬಗ್ಗೆ ಒಂದೇ ಎಚ್ಚರ: ಐಪಿ ಫೋನೇ ಧ್ವನಿ ಬೆರೆಸುತ್ತಿದ್ದರೆ, ಸೇರಿಸಿದವರು ರಿಸೀವರ್ ಇಟ್ಟಾಗ ಉಳಿದಿಬ್ಬರ ಮಾತೂ ಸಾಮಾನ್ಯವಾಗಿ ನಿಲ್ಲುತ್ತದೆ. ಮಧ್ಯೆ ಎದ್ದು ಹೋಗಬೇಕಾದವರು ಮೊದಲೇ ಎಕ್ಸ್‌ಚೇಂಜ್‌ನ ಕಾನ್ಫರೆನ್ಸ್ ರೂಮ್ ಬಳಸಲಿ.