ಮಟ್ ದಿನಚರಿ: ಕಿ ಒಂದು, ಕೀ ಎರಡು

ಟರ್ಮಿನಲ್ ಅನ್ನುವ ಬರೀ ಅಕ್ಷರಗಳ ಕಿಟಕಿಯಲ್ಲಿ ಓಡುವ ಮೇಲ್ ಪ್ರೋಗ್ರಾಂ ಮಟ್. ಅದರಲ್ಲಿ ಕನ್ನಡ ಹೆಸರುಗಳನ್ನು ನೆಟ್ಟಗೆ ನಿಲ್ಲಿಸಲು ಮೂರು ರಾತ್ರಿ ಹೋಯಿತು. ಇವತ್ತು ಬೆಳಗ್ಗೆ ಆರೂವರೆಗೆ ಮಟ್ ತೆರೆದರೆ, ಧಾರವಾಡದ ದೊಡ್ಡಪ್ಪ ಮತ್ತು ಧಾರವಾಡದ ದೊಡ್ಡಮ್ಮ ಇಬ್ಬರೂ ಅವರವರ ಪೂರ್ತಿ ಹೆಸರಿನಲ್ಲಿ, ಮೇಲೆ ಕೆಳಗೆ, ದಾರ ಹಿಡಿದು ನಿಲ್ಲಿಸಿದ ಹಾಗೆ ನಿಂತಿದ್ದರು. ಪಕ್ಕದ ವಿಷಯದ ಕಾಲಂ ಕೂಡ ನೆಟ್ಟಗೆ. ಕಾಫಿ ಆರಿಹೋಗುವವರೆಗೂ ಸುಮ್ನೆ ನೋಡುತ್ತಾ ಕೂತೆ.

ಮೇಲ್ ಎಳೆಯಲು ಎಂಬಿಸಿಂಕ್, ಕಳಿಸಲು ಎಂಎಸ್‌ಎಂಟಿಪಿ, ಹುಡುಕಲು ನಾಟ್‌ಮಚ್. ಇದರ ಬಗ್ಗೆ ಹೇಳುವುದೇನೂ ಇಲ್ಲ, ನೀವೆಲ್ಲ ಮಾಡಿಕೊಂಡೇ ಇರುತ್ತೀರಿ. ಬಣ್ಣ, ಥ್ರೆಡ್ ವಿಂಗಡಣೆ, ಹೆಡರ್ ಕ್ಯಾಶ್, ಒಂದಿಷ್ಟು ಮ್ಯಾಕ್ರೋ ಎಲ್ಲ ಒಂದು ಭಾನುವಾರದಲ್ಲಿ ಮುಗಿಯಿತು. ಎಚ್‌ಟಿಎಂಎಲ್ ಮೇಲ್‌ಗೆ ಆಟೋ ವ್ಯೂ ಹಾಕಿ ಡಬ್ಲ್ಯು3ಎಂ ಅನ್ನುವ ಟರ್ಮಿನಲ್ ಬ್ರೌಸರ್ ಕೈಗೆ ಕೊಟ್ಟೆ. ಇಲ್ಲಿ ಒಂದು ಗೊಣಗಾಟ. ಸಾದಾ ಪಠ್ಯದ ಭಾಗ ಇದ್ದರೆ ಅದನ್ನೇ ಮೊದಲು ತೋರಿಸು ಅಂತ ಹೇಳಿದ್ದೆ. ನನ್ನ ಬ್ಯಾಂಕು ಆ ಭಾಗದಲ್ಲಿ ಪ್ರತಿ ತಿಂಗಳೂ ಒಂದೇ ಸಾಲು ಬರೆಯುತ್ತದೆ: ನಿಮ್ಮ ಪ್ರೋಗ್ರಾಂನಲ್ಲಿ ಈ ಮೇಲ್ ಕಾಣುವುದಿಲ್ಲ. ಕಾಣುತ್ತಿದೆ ಸ್ವಾಮಿ, ನೀವು ಬರೆದರೆ ತಾನೇ ಕಾಣುವುದು! ಆ ಒಂದು ವಿಳಾಸಕ್ಕೆ ಮೆಸೇಜ್ ಹುಕ್, ಅಂದರೆ ಅವರ ಮೇಲ್ ತೆರೆದಾಗ ಮಾತ್ರ ಓಡುವ ಆಜ್ಞೆ, ಹಾಕಿ ಕ್ರಮ ತಿರುಗಿಸಿದೆ.

ಮಟ್ ಅನ್ನು ಮೈಕೆಲ್ ಎಲ್ಕಿನ್ಸ್ ಶುರುಮಾಡಿದ್ದು 1995ರಲ್ಲಿ. ಎಲ್ಲ ಮೇಲ್ ಪ್ರೋಗ್ರಾಂಗಳೂ ದರಿದ್ರವೇ, ಇದು ಸ್ವಲ್ಪ ಕಮ್ಮಿ ದರಿದ್ರ ಅನ್ನುವ ಅರ್ಥದ ಅದರ ಘೋಷವಾಕ್ಯ ಎಲ್ಲರಿಗೂ ಗೊತ್ತು. ಮೂರು ರಾತ್ರಿ ಕಳೆದ ಮೇಲೆ ನಾನೂ ಅದಕ್ಕೆ ಸಹಿ ಹಾಕುತ್ತೇನೆ.

ಎಲ್ಲದಕ್ಕೂ ಮೂಲ ನನ್ನ ಒಂದು ಆಸೆ. ಮನೆಯವರ ಮೇಲ್ ಬಂದರೆ ಅವರ ದಾಖಲೆಯ ಹೆಸರು ಕಾಣುವುದು ನನಗೆ ಇಷ್ಟವಿಲ್ಲ. ದೊಡ್ಡಪ್ಪನ ಹೆಸರು ಎರಡು ಇನಿಶಿಯಲ್ ಸಮೇತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರುತ್ತದೆ. ಕೋರ್ಟ್ ಸಮನ್ಸ್ ಬಂದ ಹಾಗೆ. ಮಟ್‌ನಲ್ಲಿ ಇದಕ್ಕೆ ರಿವರ್ಸ್ ಏಲಿಯಸ್ ಅನ್ನುವ ಸೌಕರ್ಯ ಇದೆಯಲ್ಲ. ಕಳಿಸಿದವರ ವಿಳಾಸ ನಿಮ್ಮ ಏಲಿಯಸ್ ಪಟ್ಟಿಯಲ್ಲಿ, ಅಂದರೆ ಅಡ್ಡಹೆಸರಿನ ವಿಳಾಸಪುಸ್ತಕದಲ್ಲಿ, ಇದ್ದರೆ, ಮೇಲ್‌ನಲ್ಲಿ ಬಂದ ಹೆಸರು ಬಿಟ್ಟು ನೀವು ಬರೆದಿಟ್ಟ ಹೆಸರನ್ನೇ ಮೇಲ್‌ಗಳ ಪಟ್ಟಿಯಾದ ಇಂಡೆಕ್ಸ್‌ನಲ್ಲಿ ತೋರಿಸುತ್ತದೆ. ನಾನು 'ಧಾರವಾಡದ ದೊಡ್ಡಪ್ಪ' ಅಂತ ಬರೆದೆ. ದೊಡ್ಡಮ್ಮ, ಅತ್ತೆ, ಸಣ್ಣಕ್ಕ ಎಲ್ಲರನ್ನೂ ಸೇರಿಸಿದೆ. ಉಳಿಸಿ, ಮತ್ತೆ ತೆರೆದೆ.

ಇಂಡೆಕ್ಸ್ ಅಲ್ಲ, ಗಾಳಿಮಳೆಗೆ ಸಿಕ್ಕಿದ ಜೋಳದ ಹೊಲ.

ಇಂಗ್ಲಿಷ್ ಹೆಸರಿನ ಸಾಲುಗಳು ಸರಿಯಾಗಿದ್ದವು. ಕನ್ನಡ ಹೆಸರಿನ ಸಾಲಲ್ಲಿ ವಿಷಯ ಎರಡು ಮೂರು ಕಾಲಂ ಎಡಕ್ಕೆ ಜಾರಿತ್ತು. ಬಲತುದಿಯಲ್ಲಿ ಮೇಲ್‌ನ ಗಾತ್ರ ಹಾಕಿಕೊಂಡಿದ್ದೆ, ಅದು ಒಂದೊಂದು ಸಾಲಲ್ಲಿ ಒಂದೊಂದು ಕಡೆ. ಕೆಳಗೆ ಸರಿಸಿದರೆ ಹಳೆಯ ಸಾಲಿನ ಅಕ್ಷರಗಳು ದೆವ್ವದ ಹಾಗೆ ಅಲ್ಲಲ್ಲೇ ಉಳಿಯುತ್ತಿದ್ದವು. ಪರದೆ ಹೊಸದಾಗಿ ಬರೆಸಲು ಕಂಟ್ರೋಲ್ ಎಲ್ ಒತ್ತಿದರೆ ದೆವ್ವ ಓಡುತ್ತದೆ, ಇನ್ನೆರಡು ಸಾಲು ಸರಿಸಿದರೆ ಮತ್ತೆ ಹಾಜರ್. ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದು. ಹೆಸರಿನ ಕಾಲಂ ಅಗಲ 12 ಇಟ್ಟಿದ್ದೆ. ಧಾರವಾಡದ ದೊಡ್ಡಪ್ಪ ಕತ್ತರಿಸಿ 'ಧಾರವಾಡದ ದೊಡ್ಡ' ಆದರು. ದೊಡ್ಡಮ್ಮನೂ 'ಧಾರವಾಡದ ದೊಡ್ಡ'. ಅರವತ್ತರ ಮೇಲಾದ ದಂಪತಿಯನ್ನು ಒಬ್ಬರನ್ನಾಗಿ ಮಾಡಿದ ಪುಣ್ಯ ನನಗೆ ಬಂತು.

ಮೊದಲ ರಾತ್ರಿ ಫಾಂಟ್‌ನ ಮೇಲೆ ಅನುಮಾನ. ಗುಬ್ಬಿ ಹಾಕಿದೆ, ನವಿಲು ಹಾಕಿದೆ, ಲೋಹಿತ್ ಹಾಕಿದೆ, ನೋಟೋ ಹಾಕಿದೆ. ಅಕ್ಷರದ ಅಂದ ಬದಲಾಯಿತು, ಜಾರುವುದು ಮಾತ್ರ ಅಷ್ಟೇ ಜಾರಿತು. ಆಗಲೇ ಹೊಳೆಯಬೇಕಿತ್ತು, ತಪ್ಪು ಚಿತ್ರದಲ್ಲಿಲ್ಲ, ಲೆಕ್ಕದಲ್ಲಿದೆ ಅಂತ. ಹೊಳೆಯಲಿಲ್ಲ. ಎರಡು ಗಂಟೆಗೆ ಮಲಗಿದೆ.

ಎರಡನೇ ರಾತ್ರಿ ಲೆಕ್ಕಕ್ಕೆ ಕೈ ಹಾಕಿದೆ. ಒಂದು ಅಕ್ಷರಕ್ಕೆ ಟರ್ಮಿನಲ್‌ನಲ್ಲಿ ಎಷ್ಟು ಮನೆ (ಒಂದಕ್ಷರದಗಲದ ಚೌಕ) ಬೇಕು ಅಂತ ಮಟ್ ಕೇಳುವುದು ಗ್ಲಿಬ್‌ಸಿ ಅನ್ನುವ ಸಿ ಲೈಬ್ರರಿಯ ಡಬ್ಲ್ಯುಸಿವಿಡ್ತ್ ಅನ್ನುವ ಫಂಕ್ಷನ್ ಹತ್ತಿರ. ಮಟ್‌ಗೆ ಪರದೆ ಬರೆದುಕೊಡುವ ಎನ್‌ಕರ್ಸಸ್ ಲೈಬ್ರರಿ ಕೇಳುವುದೂ ಅಲ್ಲೇ. ಆದರೆ ಟರ್ಮಿನಲ್ ಬೇರೆ ಪ್ರೋಗ್ರಾಂ, ಅದರ ಲೆಕ್ಕದ ಪುಸ್ತಕ ಅದರ ಹತ್ತಿರವೇ ಇರುತ್ತದೆ. ಇಬ್ಬರ ಪುಸ್ತಕ ತಾಳೆಯಾಗದಿದ್ದರೆ ಕರ್ಸರ್ ಎಲ್ಲಿದೆ ಅನ್ನುವುದರಲ್ಲೇ ಜಗಳ. ಎನ್‌ಕರ್ಸಸ್ ಪರದೆಯಲ್ಲಿ ಬದಲಾದಷ್ಟನ್ನು ಮಾತ್ರ ಅಳಿಸಿ ಬರೆಯುತ್ತದೆ. ಜಾಗ ತಪ್ಪಿದರೆ ಅಳಿಸಬೇಕಾದ್ದು ಉಳಿಯುತ್ತದೆ. ದೆವ್ವದ ಹುಟ್ಟು ಹೀಗೆ.

ತಾಳೆ ನೋಡಲು ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಒಂದು ಪದ ಮುದ್ರಿಸು, ಎಸ್ಕೇಪ್, ಚೌಕ ಕಂಸ, 6, ಎನ್ ಕಳಿಸು, ಕರ್ಸರ್ ಎಷ್ಟನೇ ಕಾಲಂನಲ್ಲಿದೆ ಅಂತ ಟರ್ಮಿನಲ್ಲೇ ಬಾಯಿಬಿಡುತ್ತದೆ. ಅದರ ಪಕ್ಕ ಗ್ಲಿಬ್‌ಸಿ ಹೇಳುವ ಅಗಲ. 'ಕನ್ನಡ' ಅಂದರೆ ಇಬ್ಬರೂ 4. ಖುಷಿಯಾಯಿತು. 'ಮೈಸೂರು' ಅಂದೆ. ಗ್ಲಿಬ್‌ಸಿ 6 ಅಂತು, ನನ್ನ ಟರ್ಮಿನಲ್ 3. 'ಧಾರವಾಡದ ದೊಡ್ಡಪ್ಪ' 14ಕ್ಕೆ 11. ಮೂರು ಮನೆ ಜಾರಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಧಾ, ವಾ, ದೊ.

ಯೂನಿಕೋಡ್‌ನಲ್ಲಿ ಕನ್ನಡದ ಸ್ವರಚಿಹ್ನೆಗಳಿಗೆ ಎರಡು ಜಾತಿ. ಜಾಗ ತಿನ್ನುವವು, ಜಾಗ ತಿನ್ನದವು. ಗುಡಿಸು, ಎತ್ವ, ಔತ್ವ ಮತ್ತು ಅರ್ಧಾಕ್ಷರದ ಆ ಕೊಂಡಿ, ಇವು ಜಾಗ ತಿನ್ನದವು. ಗ್ಲಿಬ್‌ಸಿ ಇವಕ್ಕೆ ಸೊನ್ನೆ ಕೊಡುತ್ತದೆ. ದೀರ್ಘ, ಕೊಂಬು, ಏತ್ವ, ಐತ್ವ, ಒತ್ವ, ಸೊನ್ನೆ ಅಂದರೆ ಅನುಸ್ವಾರ, ಇವೆಲ್ಲ ಜಾಗ ತಿನ್ನುವವು. ಇವಕ್ಕೆ ಒಂದೊಂದು ಮನೆ. ಮಾರ್ಕುಸ್ ಕೂನ್ 2007ರಲ್ಲಿ ಪರಿಷ್ಕರಿಸಿದ ಅಕ್ಷರದ ಅಗಲ ಹೇಳುವ ಹಳೆಯ ಸಿ ಫೈಲ್ ಒಂದು ಎಲ್ಲ ಕಡೆ ಓಡಾಡುತ್ತಿದೆಯಲ್ಲ, ಅದರಲ್ಲೂ ಕನ್ನಡದ ಲೆಕ್ಕ ಇದೇ. ನಾನು ದಿನಾ ಬಳಸುವ ಟರ್ಮಿನಲ್ ಮಾತ್ರ ಚಿಹ್ನೆ ಅಂದರೆ ಚಿಹ್ನೆ, ಎಲ್ಲಕ್ಕೂ ಸೊನ್ನೆ ಅಂತ ಕೂತಿದೆ.

ಹಾಗಿದ್ದರೆ ಸುಲಭ ಅಂದುಕೊಂಡೆ. ಗ್ಲಿಬ್‌ಸಿಯ ಬಾಯಿ ಮುಚ್ಚಿಸಿದರಾಯಿತು. ಡಬ್ಲ್ಯುಸಿವಿಡ್ತ್ ಅನ್ನು ನಾನೇ ಬರೆದು, ಕನ್ನಡದ ಎಲ್ಲ ಚಿಹ್ನೆಗೂ ಸೊನ್ನೆ ಕೊಟ್ಟು, ಎಲ್‌ಡಿ ಪ್ರೀಲೋಡ್ ಮಾಡಿ, ಅಂದರೆ ಗ್ಲಿಬ್‌ಸಿಗಿಂತ ಮೊದಲು ನನ್ನದನ್ನೇ ಕೇಳುವ ಹಾಗೆ ಮಾಡಿ, ಮಟ್ ಓಡಿಸಿದೆ. ಕಾಲಂಗಳು ಅಟೆನ್ಶನ್ ಅಂದ ಹಾಗೆ ನಿಂತವು! ದೆವ್ವ ಇಲ್ಲ, ಜಾರುವುದಿಲ್ಲ. ಅರ್ಧರಾತ್ರಿ ಒಬ್ಬನೇ ಚಪ್ಪಾಳೆ ಹೊಡೆದೆ.

ಆಮೇಲೆ ಓದಲು ನೋಡಿದೆ. ಓದಲು ಆಗುತ್ತಿರಲಿಲ್ಲ. 'ಧಾ' ಅನ್ನುವುದನ್ನು ಒಂದೇ ಮನೆಗೆ ತುರುಕಿದರೆ ದೀರ್ಘದ ಬಾಲ ಪಕ್ಕದ ರಕಾರದ ಮೇಲೆ ಬೀಳುತ್ತದೆ. 'ಸೂ' ಮತ್ತು 'ರು' ಒಂದರ ಹೊಟ್ಟೆಯಲ್ಲಿ ಒಂದು. ಮೈಸೂರು ಅಂತ ಗೊತ್ತಿದ್ದವರಿಗೆ ಮಾತ್ರ ಮೈಸೂರು. ಸಾಲು ನೆಟ್ಟಗಾಯಿತು, ಅಕ್ಷರ ಹಿಂಡಿಹೋಯಿತು. ಹೆಸರಿನ ಕಾಲಂ ನೆಟ್ಟಗಿದ್ದು ಹೆಸರೇ ಕಾಣದಿದ್ದರೆ ಏನು ಬಂತು?

ಈ ನಡುವೆ ಕೀಬೋರ್ಡ್ ಸ್ಟಿಕ್ಕರ್ ಬಂತು. ಕನ್ನಡ ಸ್ಟಿಕ್ಕರ್ ಅಂತ ಹನ್ನೊಂದು ದಿನದ ಹಿಂದೆ ಆರ್ಡರ್ ಮಾಡಿದ್ದೆ. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ವಿನ್ಯಾಸದಲ್ಲಿ, ನುಡಿಯವರು ಬಳಸುವ ಅದೇ. ಬಂದದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸದ ಹಾಳೆ. ಅದರಲ್ಲೂ ಠ ಎರಡು, ಢ ಇಲ್ಲ. ಫೋನ್ ಮಾಡಿದರೆ ಅಂಗಡಿಯವರು "ಕನ್ನಡಾನೇ ಅಲ್ವಾ ಸರ್?" ಅಂದರು. ಹೌದು, ಕನ್ನಡವೇ. ಇಟ್ಟುಕೊಂಡೆ. ಢ ಇಲ್ಲದೆ ಇಷ್ಟು ವರ್ಷ ಬದುಕಿದ್ದೇನೆ.

ಮೂರನೇ ರಾತ್ರಿ ಕಂಪ್ಯೂಟರ್ ಬಿಟ್ಟು ಹಾಳೆ ಪೆನ್ನು ಹಿಡಿದೆ. ಊಟದ ಮೇಜಿನ ಮೇಲೆ ಪದಗಳನ್ನು ಬರೆದು, ಪ್ರತಿ ಅಕ್ಷರದ ತಲೆಯ ಮೇಲೆ ಗ್ಲಿಬ್‌ಸಿ ಲೆಕ್ಕದಂತೆ ಒಂದು, ಎರಡು ಅಂತ ಗುರುತು ಹಾಕುತ್ತಾ ಕೂತೆ. ಅಮ್ಮ ನೀರು ಕುಡಿಯಲು ಎದ್ದು ಬಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಹಾಳೆ ನೋಡಿ ನಿಂತರು.

"ಏನೋ ಇದು, ಪ್ರಸ್ತಾರ ಹಾಕ್ತಿದ್ದೀಯಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಹಾಳೆ ನೋಡಿದೆ. ಕಿ ಒಂದು, ಕೀ ಎರಡು. ಕೆ ಒಂದು, ಕೇ ಎರಡು. ಕಂ ಎರಡು, ಕಃ ಎರಡು. ಲಘು, ಗುರು! 'ಅಕ್ಕ' ಗ್ಲಿಬ್‌ಸಿಗೆ ಮೂರು ಮನೆ. ಛಂದಸ್ಸಿನಲ್ಲೂ ಒತ್ತಕ್ಷರದ ಹಿಂದಿನ ಅ ಗುರು, ಆಮೇಲೆ ಲಘು, ಒಟ್ಟು ಮೂರು ಮಾತ್ರೆ. 'ಕನ್ನಡ' ನಾಲ್ಕು ಮಾತ್ರೆ, ನಾಲ್ಕು ಮನೆ. ಎರಡು ದಿನದಿಂದ ನಾನು ಬೈಯುತ್ತಿದ್ದ ಗ್ಲಿಬ್‌ಸಿಯ ಅಗಲದ ಪಟ್ಟಿ ಗೊತ್ತಿಲ್ಲದೇ ಮಾತ್ರೆ ಎಣಿಸುತ್ತಿತ್ತು.

ಅಮ್ಮ ಅಷ್ಟಕ್ಕೆ ಬಿಡಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. "ಕು ಮೇಲೆ ಎರಡು ಹಾಕಿದೀಯಲ್ಲ, ಅದು ಲಘು. ಕೊ ಲಘು. ಕೌ ಮೇಲೆ ಒಂದು ಅಂತೆ! ಆ ಅನ್ನೋದೂ ಒಂದಂತೆ! ಯಾರು ಹೇಳಿಕೊಟ್ಟಿದ್ದು ನಿನಗೆ?"

"ಗ್ಲಿಬ್‌ಸಿ ಅಂತ."

"ನನ್ನ ಕ್ಲಾಸಲ್ಲಿದ್ದಿದ್ರೆ ಫೇಲ್ ಮಾಡ್ತಿದ್ದೆ."

ಅವರು ಮಲಗಲು ಹೋದರು. ನಾನು ಅವರು ಸುತ್ತು ಹಾಕಿದ ಅಕ್ಷರಗಳನ್ನೇ ನೋಡಿದೆ. ಕು, ಕೃ, ಕೊ. ಕಿವಿಗೆ ಒಂದೇ ಮಾತ್ರೆ. ಆದರೆ ಬರೆದು ನೋಡಿ, ಕೈ ಬಲಕ್ಕೆ ಹೋಗಲೇಬೇಕು. ಕೌ ಕಿವಿಗೆ ಎರಡು, ಆದರೆ ಬರೆಯುವಾಗ ಔತ್ವ ತಲೆಯ ಮೇಲೆ ಕೂರುತ್ತದೆ. ಪಟ್ಟಿ ಎಣಿಸುತ್ತಿರುವುದು ಕಣ್ಣಿಗೆ ಕಾಣುವ ಅಗಲವನ್ನು. ಹ್ರಸ್ವ ದೀರ್ಘದ ಜೊತೆ ತಾಳೆಯಾದದ್ದು ನಮ್ಮ ಲಿಪಿಯಲ್ಲಿ ದೀರ್ಘದ ಚಿಹ್ನೆ ಬಲಕ್ಕೆ ಬರುವುದರಿಂದ. ಅಂದರೆ ಪಟ್ಟಿ ಸರಿಯಾಗೇ ಇದೆ. 'ಧಾ'ಗೆ ನಿಜವಾಗಿಯೂ ಎರಡು ಮನೆ ಬೇಕು. ನಾನು ಎರಡು ರಾತ್ರಿ ಸರಿ ಇರುವವನನ್ನು ತಿದ್ದಿ, ತಪ್ಪು ಲೆಕ್ಕದವನ ದಾರಿಗೆ ತರುತ್ತಿದ್ದೆ.

ಪ್ರೀಲೋಡ್ ಫೈಲ್ ಅಳಿಸಿದೆ. ಮಟ್ ಅನ್ನು ಇದ್ದ ಹಾಗೇ ಬಿಟ್ಟು ಟರ್ಮಿನಲ್ ಬದಲಾಯಿಸಲು ಹೊರಟೆ. ಇರುವ ಟರ್ಮಿನಲ್‌ಗಳನ್ನೆಲ್ಲ ಆ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಮುಂದೆ ಒಂದೊಂದಾಗಿ ನಿಲ್ಲಿಸಿದೆ. ಕೆಲವು ಲೆಕ್ಕ ಸರಿ ಹೇಳಿದವು, ಆದರೆ ಅಕ್ಷರ ಬಿಡಿಬಿಡಿಯಾಗಿ ಇಟ್ಟವು, ಒತ್ತು ಪಕ್ಕದಲ್ಲಿ ಬಂದು ಕೂತಿತು. ಕೆಲವು ಅಕ್ಷರ ಚೆನ್ನಾಗಿ ಜೋಡಿಸಿದವು, ಲೆಕ್ಕ ತಪ್ಪಿದವು. ಐದನೆಯದು ಎರಡರಲ್ಲೂ ಪಾಸ್. ಹೆಸರು ಹೇಳುವುದಿಲ್ಲ, ಹೇಳಿದರೆ ಟರ್ಮಿನಲ್ ಜಗಳ ಶುರುವಾಗುತ್ತದೆ. ವರ್ಷನ್ ಬದಲಾದರೆ ಫಲಿತಾಂಶವೂ ಬದಲಾಗಬಹುದು. ನಿಮ್ಮದನ್ನು ನೀವೇ ಪರೀಕ್ಷೆ ಮಾಡಿ. 'ಮೈಸೂರು' ಅಂತ ಬರೆಸಿ, 6 ಬಂದರೆ ಅಕ್ಷರ ನೋಡಿ. 3 ಬಂದರೆ ಮುಂದಿನದಕ್ಕೆ ಹೋಗಿ.

ಪೂರ್ತಿ ಸರಿಹೋಯಿತಾ ಅಂದರೆ ಇಲ್ಲ. ಒತ್ತಕ್ಷರಕ್ಕೆ ಎರಡು ಮನೆ ಸಿಗುತ್ತದೆ, ಬೇಕಾಗುವುದು ಒಂದು ಚಿಲ್ಲರೆ. 'ದೊಡ್ಡಪ್ಪ' ಸ್ವಲ್ಪ ಹಲ್ಲು ಬಿದ್ದವರ ಹಾಗೆ ಕಾಣುತ್ತದೆ, ನಡುನಡುವೆ ಸಂದು. ಅದಕ್ಕೆ ಹೊಂದಿಕೊಂಡೆ. ಇಂಡೆಕ್ಸ್ ಫಾರ್ಮ್ಯಾಟ್ ಕೂಡ ಹೊಸದಾಗಿ ಬರೆದೆ. ಹೆಸರಿನ ಅಗಲ 12ರಿಂದ 14ಕ್ಕೆ. ಗಾತ್ರದ ಕಾಲಂ ಕಿತ್ತು ಹಾಕಿದೆ, ಯಾವತ್ತೂ ನೋಡಿದ್ದೇ ಇಲ್ಲ. ವಿಷಯ ಕಟ್ಟಕಡೆಗೆ. ಇದು ಯಾವ ಟರ್ಮಿನಲ್‌ಗಾದರೂ ಒಳ್ಳೆಯದು. ಕನ್ನಡ ವಿಷಯದ ಅಗಲ ಎಷ್ಟೇ ಹೆಚ್ಚು ಕಮ್ಮಿಯಾದರೂ ಅದರ ಬಲಕ್ಕೆ ಕೆಡಲು ಇನ್ನೇನೂ ಇರುವುದಿಲ್ಲ. ನನ್ನ ಲೊಕೇಲ್, ಅಂದರೆ ಕಂಪ್ಯೂಟರಿನ ಭಾಷೆಯ ಸೆಟ್ಟಿಂಗ್, ಕನ್ನಡದಲ್ಲಿರುವುದರಿಂದ ತಿಂಗಳ ಹೆಸರೂ ಕನ್ನಡದಲ್ಲಿ ಬಂದು ಅಗಲ ಏರುಪೇರಾಗುತ್ತಿತ್ತು. ದಿನಾಂಕದ ಗುರುತಿನ ಮುಂದೆ ಒಂದು ಆಶ್ಚರ್ಯಸೂಚಕ ಹಾಕಿದರೆ ಮಟ್ ಲೊಕೇಲ್ ಬಿಟ್ಟುಬಿಡುತ್ತದೆ. ನಾನು ಅದನ್ನೂ ಮಾಡದೆ ಬರೀ ದಿನ, ತಿಂಗಳ ಅಂಕಿ ಇಟ್ಟೆ.

ಮುಂದಿನ ಯೋಜನೆ ಇದರಿಂದಲೇ ಹುಟ್ಟಿದೆ. ಅಡುಗೆಮನೆಯ ಗೋಡೆಗೆ 4.2 ಇಂಚಿನ ಇ-ಇಂಕ್ ಪರದೆ, ಹಿಂದೆ ಒಂದು ರಾಸ್ಪ್‌ಬೆರಿ ಪೈ ಝೀರೋ ಅನ್ನುವ ಪುಟ್ಟ ಕಂಪ್ಯೂಟರ್. ಮನೆಯವರ ಹೊಸ ಮೇಲ್ ಬಂದರೆ ಹೆಸರು, ವಿಷಯ ಅಲ್ಲಿ ಕಾಣಬೇಕು. ಅಲ್ಲಿ ಮನೆ ಲೆಕ್ಕವೇ ಇಲ್ಲ, 400ಕ್ಕೆ 300 ಚುಕ್ಕಿ ಅಷ್ಟೇ. ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಕೈಗೆ ಕೊಟ್ಟರೆ ಒತ್ತು, ಕೊಂಬು, ದೀರ್ಘ ಎಲ್ಲ ಅದೇ ನೋಡಿಕೊಳ್ಳುತ್ತದೆ. ನಾಟ್‌ಮಚ್ ಪಟ್ಟಿ ಕೊಡುತ್ತದೆ, ಪೈಥಾನ್ ಚಿತ್ರ ಬಿಡಿಸುತ್ತದೆ. ಪರದೆ ಆರ್ಡರ್ ಮಾಡಿ ಒಂಬತ್ತು ದಿನ ಆಯಿತು. ಸ್ಟಾಕ್ ಇದೆ ಅಂದಿದ್ದ ಅಂಗಡಿಯವರು ನಿನ್ನೆ ಸ್ಟಾಕ್ ಬರುತ್ತಿದೆ ಅಂತ ಮೇಲ್ ಹಾಕಿದ್ದಾರೆ. ಆ ಮೇಲ್ ಮಾತ್ರ ಇಂಡೆಕ್ಸ್‌ನಲ್ಲಿ ಬಹಳ ನೆಟ್ಟಗೆ ಕಾಣುತ್ತಿದೆ.

ಅಮ್ಮನಿಗೆ ಬೆಳಗ್ಗೆ ಪರದೆ ತೋರಿಸಿದೆ. ದೊಡ್ಡಪ್ಪ, ದೊಡ್ಡಮ್ಮ ಬೇರೆಬೇರೆಯಾಗಿದ್ದು ನೋಡಿ ನಕ್ಕರು. ಎಡಗಡೆಯ ಸೈಡ್‌ಬಾರ್‌ಗೆ ಬೆರಳಿಟ್ಟು, "ಇದ್ಯಾವ ಭಾಷೆ?" ಅಂದರು. ಉತ್ಸಾಹದಲ್ಲಿ ನಿನ್ನೆ ಸರ್ವರ್‌ನಲ್ಲಿ 'ಮನೆ' ಅಂತ ಒಂದು ಫೋಲ್ಡರ್ ಮಾಡಿದ್ದೆ. ಸರ್ವರ್‌ನಿಂದ ಮೇಲ್ ತರುವ ಐಮ್ಯಾಪ್ ಪದ್ಧತಿ ಫೋಲ್ಡರ್ ಹೆಸರುಗಳನ್ನು ಯುಟಿಎಫ್-7 ಅನ್ನುವ ಹಳೆಯ ಸಂಕೇತದ ಮಾರ್ಪಡಿಸಿದ ನಮೂನೆಯಲ್ಲಿ ಸುತ್ತಿಡುತ್ತದೆ ಅನ್ನುವುದು ಮರೆತೇಹೋಗಿತ್ತು. ಆಂಪರ್‌ಸೆಂಡ್‌ನಿಂದ ಶುರುವಾಗಿ ಹೈಫನ್‌ನಲ್ಲಿ ಮುಗಿಯುವ ಒಂದು ಇಂಗ್ಲಿಷ್ ಕಲಸುಮೇಲೋಗರ ಅಲ್ಲಿ ಕೂತಿತ್ತು. ಇವತ್ತು ರಾತ್ರಿಗೆ ಕೆಲಸ ಸಿಕ್ಕಿತು.